ಕ್ರೋಂಪೇಟೆಯ ರೇಕಿ ಮತ್ತು ಒಂದು ದೀರ್ಘ

ಕಿಟಕಿಯಾಚೆ

ಅರಸೀಕೆರೆಯಲ್ಲಿ ಹಿಟ್ಟಿನ ಗಿರಣಿ ನಡೆಸುವ ನನಗೆ ಚೆನ್ನೈ ಎಂದರೆ ಪರದೇಶವೇ. ಪಾಸ್‌ಪೋರ್ಟ್ ಬೇಡ ಎನ್ನುವುದೊಂದು ಬಿಟ್ಟರೆ, ಬೋರ್ಡು ಓದಲು ಬಾರದ ಊರು, ಕೇಳಿದ್ದಕ್ಕೆ ಬಂದ ಉತ್ತರ ತಿಳಿಯದ ಊರು ಪರದೇಶವಲ್ಲದೆ ಇನ್ನೇನು? ನಾನು ಮೂವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವನು. ಕಲಿತಾಗಿನಿಂದ ದಾರಿಯಲ್ಲಿ ಕಂಡ ಬೋರ್ಡನ್ನೆಲ್ಲ ಓದುತ್ತ ಹೋಗುವುದು ಒಂದು ಚಟವಾಗಿಬಿಟ್ಟಿದೆ. ರೈಲು ಬಂಗಾರಪೇಟೆ, ಕುಪ್ಪಂ ದಾಟಿ ಹೋದ ಹಾಗೆ ಕಿಟಕಿಯಾಚೆಯ ಅಕ್ಷರಗಳೆಲ್ಲ ಮತ್ತೆ ಬರೀ ಗೆರೆ, ಬರೀ ಸುತ್ತು ಆದವು. ಕಲಿತದ್ದನ್ನೆಲ್ಲ ಯಾರೋ ವಾಪಸು ತೆಗೆದುಕೊಂಡಂತಾಗಿ ನಾನು ಮುಖ ಒಳಗೆ ತಿರುಗಿಸಿದೆ.

ಎದುರು ಸೀಟಿನಲ್ಲಿ ನನ್ನ ಹೆಂಡತಿ ಜಯಮ್ಮ ಟವೆಲ್ಲನ್ನು ಸುರುಳಿ ಸುತ್ತಿ ಬಲ ಪಕ್ಕೆಗೆ ಒತ್ತಿಕೊಂಡು ಕೂತಿದ್ದಳು. ನಾವು ಹೊರಟಿದ್ದೇ ಆ ಪಕ್ಕೆಯ ನೋವಿಗಾಗಿ. ಪಿತ್ತಕೋಶದಲ್ಲಿ ಕಲ್ಲುಗಳಿವೆ, ಆಪರೇಷನ್ ಮಾಡಿಸಿ, ತಡ ಮಾಡಬೇಡಿ ಎಂದು ನಮ್ಮೂರಿನ ಡಾಕ್ಟರು ಸ್ಕ್ಯಾನ್ ನೋಡಿ ಹೇಳಿದ್ದರು. ಜಯಮ್ಮ ಒಪ್ಪಲಿಲ್ಲ. ಕೊಯ್ಯುವುದಕ್ಕೆ ಅವಳಿಗೆ ಅಷ್ಟು ಭಯವಿರಲಿಲ್ಲ.

"ಮಲಗಿಸಿಬಿಡ್ತಾರಂತಲ್ಲ ರೀ, ಅದು ನನ್ ನಿದ್ದೆ ಅಲ್ವಲ್ಲ. ನನ್ ನಿದ್ದೆ ಆದ್ರೆ ನಾನೇ ಏಳ್ತೀನಿ. ಅವ್ರು ಕೊಟ್ಟ ನಿದ್ದೆಯಿಂದ ಏಳ್ದೇ ಹೋದ್ರೆ?"

ಅದೇ ವಾರ ಚೆನ್ನೈನಿಂದ ಅವಳ ಅಕ್ಕ ಸರೋಜಕ್ಕ ಫೋನು ಮಾಡಿದರು. ಇಲ್ಲಿ ಒಬ್ಬ ಅಮ್ಮ ರೇಕಿ ಮಾಡುತ್ತಾರೆ, ಮಾತ್ರೆ ಇಲ್ಲ, ಸೂಜಿ ಇಲ್ಲ, ಬರೀ ಕೈ ಇಡುತ್ತಾರೆ, ಬಂದು ಬಿಡು ಎಂದರು. ಜಯಮ್ಮ ಆ ಸಂಜೆಯೇ ಬಟ್ಟೆ ಜೋಡಿಸಿದಳು.

ಸೆಂಟ್ರಲ್‌ನಲ್ಲಿ ಇಳಿದು, ರಸ್ತೆ ದಾಟಿ, ಕ್ರೋಂಪೇಟೆಗೆ ಹೋಗುವ ಲೋಕಲ್ ರೈಲು ಹತ್ತುವಾಗ ನಾನು ಅವಳ ಹಿಂದೆಯೇ ಹೆಂಗಸರ ಡಬ್ಬಿಗೆ ಹತ್ತಿಬಿಟ್ಟೆ. ಹೂವಿನ ಬುಟ್ಟಿ ಹಿಡಿದ ಒಬ್ಬ ಅಜ್ಜಿ ನನ್ನ ಮೇಲೆ ಸುರಿಸಿದ ಮಾತುಗಳಲ್ಲಿ ಒಂದೂ ಅರ್ಥವಾಗಲಿಲ್ಲ, ಆದರೆ ಎಲ್ಲವೂ ಅರ್ಥವಾಯಿತು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಪಕ್ಕದ ಡಬ್ಬಿಗೆ ಓಡಿದೆ. ಆಮೇಲೆ ನೋಡಿದರೆ ಅದೇ ಅಜ್ಜಿ ಜಯಮ್ಮನಿಗೆ ಸೀಟು ಬಿಡಿಸಿ, ತಲೆಗೆ ಒಂದು ತುಂಡು ಮಲ್ಲಿಗೆ ಮುಡಿಸಿ ಕಳಿಸಿದ್ದಳು.

ಸರೋಜಕ್ಕನ ಮನೆ

ಸರೋಜಕ್ಕನ ಯಜಮಾನರು ಕೇಶವಮೂರ್ತಿ ರೈಲ್ವೆಯಲ್ಲಿ ಕೆಲಸ ಮಾಡಿ ರಿಟೈರಾದವರು. ಅವರ ತಂದೆಯ ಕಾಲದಿಂದ ಇದೇ ಊರು. ನನಗೆ ಷಡ್ಡಕರಾದರೂ ವಯಸ್ಸಿನಲ್ಲಿ ಹಿರಿಯರು, ಹಾಗಾಗಿ ಅಣ್ಣ ಎನ್ನುತ್ತೇನೆ.

"ವಾಪ್ಪಾ ರಂಗಸ್ವಾಮಿ! ಏನಯ್ಯ ಇದು ಮೂಟೆ?"

"ರಾಗಿ ಹಿಟ್ಟು ಅಣ್ಣ, ನಮ್ ಗಿರಣೀದೇ."

"ಆಯ್ತು ನನ್ನ ಕಥೆ. ಷುಗರು ಅಂತ ಅನ್ನ ಕಿತ್ಕೊಂಡಾಗಿದೆ. ಇನ್ನು ಮುದ್ದೆ ಹಾಕಿ ಸಾಯಿಸ್ತಾಳೆ ನಿಮ್ಮಕ್ಕ."

"ನೀವು ಶುಮ್ಮ ಇರ್ರೀ," ಎಂದರು ಸರೋಜಕ್ಕ. "ಜಯಾ, ಮೊದ್ಲು ಕೂತ್ಕೋ. ಕೊಂಜ ಕಾಫಿ ಕುಡಿ, ಅಪ್ಪುರಂ ಮಾತು."

ಅರಸೀಕೆರೆಯಲ್ಲಿ ಹುಟ್ಟಿದ ಸರೋಜಕ್ಕನ ಕನ್ನಡದೊಳಗೆ ತಮಿಳು ಹೀಗೆ ಅನ್ನದಲ್ಲಿ ಬೇಳೆ ಬೆರೆತ ಹಾಗೆ ಬೆರೆತುಹೋಗಿತ್ತು. ನಾವು ಒಂದೊಂದು ಪದಕ್ಕೆ ನಿಂತು, ಕೊಂಜ ಎಂದರೆ ಸ್ವಲ್ಪ, ಅಪ್ಪುರಂ ಎಂದರೆ ಆಮೇಲೆ ಎಂದು ಯೋಚಿಸಿ, ದಾಟಿ ಹೋಗುತ್ತಿದ್ದೆವು. ಬೆವರಿಗೂ ಹಾಗೆಯೇ ಒಗ್ಗಿಕೊಳ್ಳಬೇಕಾಯಿತು. ನಮ್ಮೂರಲ್ಲಿ ಕೆಲಸ ಮಾಡಿದರೆ ಬೆವರು ಬರುತ್ತದೆ. ಇಲ್ಲಿ ಸುಮ್ಮನೆ ಕೂತವನಿಗೂ ಬರುತ್ತದೆ.

ರೇಕಿಯ ವಿಷಯ ಎತ್ತಿದಾಗ ಮೂರ್ತಿ ಅಣ್ಣ ಮೀಸೆಯೊಳಗೇ ನಕ್ಕರು. "ನನ್ನ ಮಂಡಿಗೂ ಇಟ್ರಪ್ಪ ಕೈ. ಮಂಡಿ ಹಾಗೇ ಇದೆ. ಆದ್ರೆ ಅವತ್ತು ನಿದ್ದೆ ಬಂತು ನೋಡು, ಸರ್ವೀಸಲ್ಲಿ ಇದ್ದಾಗ್ಲೂ ಅಂಥ ನಿದ್ದೆ ಮಾಡಿರ್ಲಿಲ್ಲ."

ಮಹಡಿಯ ಕೋಣೆ

ರೇಕಿ ಮಾಡುವವರ ಹೆಸರು ವೈದೇಹಿ. ಎಲ್ಲರೂ ವೈದೇಹಿ ಅಮ್ಮ ಎನ್ನುತ್ತಿದ್ದರು. ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಮುತ್ತಾತನ ಕಾಲಕ್ಕೆ ಮದ್ರಾಸಿಗೆ ಬಂದು ನೆಲೆಸಿದ ವೈಷ್ಣವರ ಮನೆತನ. ಮನೆಯೊಳಗೆ ಇವತ್ತಿಗೂ ಕನ್ನಡವೇ ಎಂದು ಸರೋಜಕ್ಕ ಹೇಳಿದಾಗ ನಮಗೆ ಅರ್ಧ ಭಯ ಇಳಿಯಿತು. ಕಾಯಿಲೆಯನ್ನು ಸ್ವಂತ ಭಾಷೆಯಲ್ಲಿ ಹೇಳಿಕೊಳ್ಳಬಹುದಲ್ಲ.

ಅವರ ಮನೆಯ ಮಹಡಿಯ ಮೇಲೆ ಒಂದೇ ಕೋಣೆ. ಗೋಡೆಗೆ ಸುಣ್ಣ, ನೆಲಕ್ಕೆ ಕೆಂಪು ಗಾರೆ, ನಡುವೆ ಎತ್ತರದ ಮಂಚ, ಮೇಲೆ ಬಿಳಿ ಹೊದಿಕೆ. ಮಂತ್ರ, ಹೊಗೆ, ನಿಂಬೆಹಣ್ಣು ಇರುತ್ತದೆ ಎಂದು ಎಣಿಸಿದ್ದ ನನಗೆ ಆ ಕೋಣೆಯ ಬರಿದುತನ ಇಷ್ಟವಾಯಿತು.

"ರೇಕಿ ಅನ್ನೋದು ಜಪಾನಿನ ಮಾತು," ಎಂದರು ವೈದೇಹಿ ಅಮ್ಮ. "ನಾವು ಪ್ರಾಣಶಕ್ತಿ ಅಂತೀವಲ್ಲ, ಸುಮಾರಾಗಿ ಅದೇ. ಗುರು ಹತ್ರ ದೀಕ್ಷೆ ತಗೊಂಡ ಮೇಲೆ ಕೈ ಇಟ್ಟು ಅದನ್ನ ಹರಿಸಬಹುದು ಅಂತ ನಮ್ಮ ನಂಬಿಕೆ. ನಾನು ಕೊಡೋದು ಏನೂ ಕಿಡೆಯಾದು. ನಾನು ಬರೀ ಕೊಳಾಯಿ. ನೀರು ಮೇಲಿಂದ ಬರಬೇಕು."

"ದಿನಾ ಬರುತ್ತಾಮ್ಮ?" ಎಂದೆ.

"ನಮ್ಮ ಚೆನ್ನೈ ಕೊಳಾಯಿ ಥರಾನೇ. ತಿರುಗಿಸಿಟ್ಟು ಕಾಯ್ಬೇಕು," ಎಂದು ನಕ್ಕು, ತಕ್ಷಣ ಮುಖ ಗಂಭೀರ ಮಾಡಿಕೊಂಡು ಜಯಮ್ಮನ ಕಡೆ ತಿರುಗಿದರು. "ಒಂದು ವಿಷಯ ನೋಡಮ್ಮ. ಇದು ಡಾಕ್ಟರಿಗೆ ಬದಲು ಅಲ್ಲ. ಮನಸ್ಸಿಗೆ ಸಮಾಧಾನ ಆಗುತ್ತೆ, ದೇಹ ಸಡಿಲ ಆಗುತ್ತೆ. ಕಲ್ಲು ಕರಗುತ್ತೆ ಅಂತ ನಾನು ಹೇಳಲ್ಲ. ದಿನಾ ನಿನ್ನನ್ನ ಕೇಳ್ತೀನಿ, ನೋವು ಇದೆಯಾ ಅಂತ. ಇದ್ರೆ ಇದೆ ಅನ್ನು. ನಿಲ್ಲದೆ ಹೋದ್ರೆ ಆಸ್ಪತ್ರೆಗೆ ಹೋಗಲೇಬೇಕು. ನನ್ನ ಹತ್ರ ಮಾತ್ರ ಪೊಯ್ ಬೇಡ."

ಪೊಯ್ ಎಂದರೆ ಸುಳ್ಳು ಎಂದು ಸರೋಜಕ್ಕ ಪಿಸುಗುಟ್ಟಿದರು. ಜಯಮ್ಮ ತಲೆಯಾಡಿಸಿದಳು.

ನನಗೂ ಒಂದು ಸಲ ತೋರಿಸಿಕೊಟ್ಟರು. ಬೆಲ್ಟು, ವಾಚು ಬಿಚ್ಚಿಸಿ, ಮಲಗಿಸಿ, ತಮ್ಮ ಕೈ ತೊಳೆದುಕೊಂಡು, ಅಂಗೈ ಜೋಡಿಸಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಎರಡೂ ಕೈ ನನ್ನ ಕಣ್ಣಿನ ಮೇಲೆ. ಒತ್ತಲಿಲ್ಲ, ಉಜ್ಜಲಿಲ್ಲ. ಹಾಗೇ ಇಟ್ಟರು. ಅಲ್ಲಿಂದ ಕಪೋಲ, ತಲೆಯ ಹಿಂಭಾಗ, ಗಂಟಲು, ಎದೆ. ಗಿರಣಿಯ ಬಾಯಿಂದ ಬೀಳುವ ಹಿಟ್ಟನ್ನು ನಾವು ಅಂಗೈಯಲ್ಲಿ ಹಿಡಿದು ನೋಡುತ್ತೇವೆ. ಕಲ್ಲು ಬಿಗಿಯಾಗಿದ್ದರೆ ಹಿಟ್ಟು ಸುಡುತ್ತದೆ, ಹದವಾಗಿದ್ದರೆ ಬೆಚ್ಚಗಿರುತ್ತದೆ. ಆ ಅಮ್ಮನ ಕೈ ಹದವಾದ ರಾಗಿ ಹಿಟ್ಟಿನ ಹಾಗೆ ಬೆಚ್ಚಗಿತ್ತು. ಅದು ಶಕ್ತಿಯೋ, ಬರೀ ಮನುಷ್ಯರ ಕೈಯ ಬಿಸಿಯೋ ನಾನು ಹೇಳಲಾರೆ. ಕೈಯನ್ನು ಎದೆಯ ಮೇಲೆ ಇಟ್ಟಾಗ ಮಾತ್ರ, ಯಾರೂ ನನ್ನನ್ನು ಇಷ್ಟು ಹೊತ್ತು ಸುಮ್ಮನೆ ಮುಟ್ಟಿಕೊಂಡು ಕೂತಿರಲಿಲ್ಲ ಎಂಬುದು ನೆನಪಾಯಿತು.

"ಸೂಡು ತೆರಿಯುದಾ?" ಎಂದರು.

ತೆರೆ ಎನ್ನುತ್ತಿದ್ದಾರೆ ಎಂದುಕೊಂಡು ನಾನು ಕಣ್ಣು ತೆರೆದು ಎದ್ದು ಕೂತೆ. ಬಿಸಿ ಗೊತ್ತಾಗುತ್ತಾ ಎಂದು ಅವರು ಕೇಳಿದ್ದು. ಎಲ್ಲರೂ ನಕ್ಕರು. ಜಯಮ್ಮ ನಕ್ಕಿದ್ದು ನೋಡಿ ಬಹಳ ದಿನವಾಗಿತ್ತು.

ಬಾಗಿಲ ಹೊರಗಿನ ಬೆಂಚು

ಮರುದಿನದಿಂದ ಒಳಗೆ ಜಯಮ್ಮ ಒಬ್ಬಳೇ. ಕೋಣೆಯಲ್ಲಿ ಇನ್ನೊಬ್ಬರಿದ್ದರೆ ಮಲಗಿದವರ ಮನಸ್ಸು ನಿಲ್ಲುವುದಿಲ್ಲವಂತೆ. ಸರೋಜಕ್ಕ ಕೆಳಗೆ ವೈದೇಹಿ ಅಮ್ಮನ ಸೊಸೆಯ ಜತೆ ಮಾತಿಗೆ ಕೂರುತ್ತಿದ್ದರು. ನಾನು ಬಾಗಿಲ ಹೊರಗೆ ಬೆಂಚಿನ ಮೇಲೆ.

ಅಲ್ಲಿ ಕೂತು ನಾನು ರೇಕಿಯವರ ಐದು ಮಾತು ಕಲಿತೆ. ಬಾಗಿಲಿಗೆ ಕನ್ನಡದಲ್ಲೇ ಬರೆದು ಅಂಟಿಸಿದ್ದರು. ಇವತ್ತೊಂದು ದಿನ ಸಿಟ್ಟು ಬೇಡ. ಇವತ್ತೊಂದು ದಿನ ಚಿಂತೆ ಬೇಡ. ಉಪಕಾರ ನೆನೆ. ಕೆಲಸ ಪ್ರಾಮಾಣಿಕವಾಗಿ ಮಾಡು. ಎಲ್ಲರ ಮೇಲೂ ದಯೆ ಇರಲಿ. ಜನ್ಮವಿಡೀ ಅಂದಿದ್ದರೆ ನಾನು ಮುಂದೆ ಓದುತ್ತಿರಲಿಲ್ಲ. ಇವತ್ತೊಂದು ದಿನ ಅಂದದ್ದರಿಂದ ಪ್ರಯತ್ನ ಪಟ್ಟೆ. ಚಿಂತೆಯದ್ದು ಆಗಲಿಲ್ಲ.

ಒಳಗಿನ ಮಾತು ಒಂದಿಷ್ಟು ಕೇಳಿಸುತ್ತಿತ್ತು.

"ಇಲ್ಲಿ ವಲಿ ಇದೆಯೇನಮ್ಮ?" ವೈದೇಹಿ ಅಮ್ಮನ ದನಿ. ವಲಿ ಅಂದರೆ ನೋವು, ಅದನ್ನು ಆಗಲೇ ಕಲಿತಿದ್ದೆವು.

"ಇಲ್ಲೇ," ಜಯಮ್ಮನ ದನಿ, ನಿದ್ದೆ ಹತ್ತುವಾಗಿನ ಹಾಗೆ ಸಣ್ಣಗೆ.

"ರೊಂಬ ಸಂತೋಷ."

ಹೊರಗೆ ಬಂದ ಮೇಲೆ ವೈದೇಹಿ ಅಮ್ಮ ಕೈ ಒರೆಸಿಕೊಳ್ಳುತ್ತ, "ಚೆನ್ನಾಗಿ ಕೇಳ್ತಾ ಇದೆ ದೇಹ. ನೋವು ನಿಂತಿದೆ ಅಂತಿದಾಳೆ," ಎನ್ನುತ್ತಿದ್ದರು. ಸರೋಜಕ್ಕ ಅವರ ಕಾಲಿಗೆ ಬೀಳುವುದೊಂದು ಬಾಕಿ. ಮನೆಯಲ್ಲಿ ನಾನು, "ಹೆಂಗಿದೆ ಜಯಾ?" ಎಂದರೆ ಅವಳು, "ಪರವಾಗಿಲ್ಲ ರೀ," ಎನ್ನುತ್ತಿದ್ದಳು. ಊಟ ಮಾತ್ರ ಕಡಿಮೆಯಾಗುತ್ತಿತ್ತು. ಸೆಖೆಗೆ ಇರಬೇಕು ಎಂದುಕೊಂಡೆವು. ಊರಿಗೆ ಫೋನು ಮಾಡಿ, ಆಪರೇಷನ್ ಬೇಡವಾಯಿತು, ವಾಪಸು ಬರುತ್ತೇವೆ ಎಂದು ಗಿರಣಿ ನೋಡಿಕೊಳ್ಳುತ್ತಿದ್ದ ತಮ್ಮನಿಗೆ ಹೇಳಿಯೂ ಬಿಟ್ಟೆ.

ಪ್ಯಾರೀಸ್ ಕಾರ್ನರ್

ಹೊರಡುವ ಮುಂಚೆ ಗಿರಣಿಗೆ ಒಂದು ಬೆಲ್ಟು ಕೊಳ್ಳೋಣವೆಂದು ಮೂರ್ತಿ ಅಣ್ಣನ ಜತೆ ಪ್ಯಾರೀಸ್ ಕಾರ್ನರ್‌ಗೆ ಹೋದೆ. ಅಲ್ಲಿ ಒಂದು ಬೀದಿಯ ತುಂಬ ಬರೀ ಹಗ್ಗ, ಇನ್ನೊಂದರ ತುಂಬ ಬರೀ ಕಾಗದ. ಕೈಗಾಡಿಯವರು ಹಿಂದೆ ನೋಡದೆ ಕೂಗುತ್ತ ಬರುತ್ತಾರೆ, ನಾವೇ ಗೋಡೆಗೆ ಅಂಟಿಕೊಳ್ಳಬೇಕು. ನಮ್ಮ ಸಂತೆಯಲ್ಲಿ ಎತ್ತು ಬಂದರೂ ಇಷ್ಟು ಹೆದರುವುದಿಲ್ಲ.

ಮೂರ್ತಿ ಅಣ್ಣ ಎಳನೀರಿನವನ ಹತ್ತಿರ ನಿಂತರು. ನಾನು ಧೈರ್ಯ ಮಾಡಿ ಒಬ್ಬನೇ ಅಂಗಡಿಗೆ ಹೋಗಿ ಹಳೆಯ ಬೆಲ್ಟಿನ ತುಂಡು ತೋರಿಸಿ, "ಇದು ಇದೆಯಾ?" ಎಂದೆ.

ಅಂಗಡಿಯವನು ತುಂಡು ತಿರುಗಿಸಿ ನೋಡಿ, "ಇಲ್ಲೆ," ಎಂದ.

ಇಲ್ಲೇ ಇದೆಯಲ್ಲ, ಸದ್ಯ ಎಂದು ನಾನು ಕಾಯುತ್ತ ನಿಂತೆ. ಅವನು ಬೇರೆಯವರ ಜತೆ ವ್ಯಾಪಾರ ಶುರುಮಾಡಿದ. ಸ್ವಲ್ಪ ಹೊತ್ತು ಬಿಟ್ಟು ನಾನು ಕೆಮ್ಮಿದೆ. ಅವನು ತಲೆಯೆತ್ತಿ, "ಇಲ್ಲೆ ಸಾರ್," ಎಂದ. ಹೂಂ ಎಂದು ತಲೆಯಾಡಿಸಿ ಮತ್ತೆ ನಿಂತೆ. ಕೊನೆಗೆ ಅವನು ಎರಡೂ ಕೈ ಮೇಲೆತ್ತಿ ಕೂಗಿದ.

"ಇಲ್ಲೆನ್ನು ಸೊಲ್ಲಿಟ್ಟೇನ್ ಸಾರ್! ಇನ್ನುಂ ಏನ್ ನಿಕ್ಕಿರೀಂಗೆ?"

ಮೂರ್ತಿ ಅಣ್ಣ ಎಳನೀರು ಹಿಡಿದುಕೊಂಡೇ ಓಡಿ ಬಂದರು. ವಿಷಯ ಕೇಳಿ ಎಳನೀರು ಮೂಗಿಗೇರುವಷ್ಟು ನಕ್ಕರು. "ಅಯ್ಯೋ ರಂಗಸ್ವಾಮಿ, ಇಲ್ಲೆ ಅಂದ್ರೆ ಇಲ್ಲ ಅಂತ ಕಣಯ್ಯ! ಇಲ್ಲ ಅಂದ್ರೂ ನಿಂತೇ ಇದಾನಲ್ಲ, ಯಾರೋ ಇದು ಪೈತ್ಯಂ, ಹುಚ್ಚ ಅಂದ್ಕೊಂಡಿದಾನೆ ಪಾವಂ."

ನಾನೂ ನಕ್ಕೆ. ನಗುತ್ತ ನಾಲ್ಕು ಹೆಜ್ಜೆ ಬಂದೆ. ಆಮೇಲೆ ಕಾಲು ಮುಂದೆ ಬರಲಿಲ್ಲ.

ರಾತ್ರಿ ಶಾಲೆಯಲ್ಲಿ ನಾನು ಯಾವಾಗಲೂ ದೀರ್ಘ ಬಿಟ್ಟು ಬರೆಯುತ್ತಿದ್ದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಎಳೆದು ಸರಿ ಮಾಡುತ್ತಿದ್ದರು. ನಮ್ಮ "ಇಲ್ಲೇ"ಗೆ ದೀರ್ಘ ಇದೆ, ಇವರ "ಇಲ್ಲೆ"ಗೆ ಇಲ್ಲ. ಕಣ್ಣು ಮುಚ್ಚಿ ನೋವಿನಲ್ಲಿ ಮಲಗಿದವಳ ಬಾಯಲ್ಲಿ ದೀರ್ಘ ಎಲ್ಲಿ ನಿಲ್ಲುತ್ತದೆ? ನೋವು ಇದೆಯಾ ಎಂದು ಆ ಅಮ್ಮ ಕೇಳಿದಾಗಲೆಲ್ಲ ಜಯಮ್ಮ ಇಲ್ಲೇ, ಇಲ್ಲೇ ಎಂದು ಜಾಗ ತೋರಿಸುತ್ತಿದ್ದಳು. ಆ ಅಮ್ಮ ಇಲ್ಲ ಎಂದು ಕೇಳಿಸಿಕೊಂಡು ಸಂತೋಷಪಡುತ್ತಿದ್ದರು.

"ಏನಾಯ್ತಯ್ಯ? ಬಿಸಿಲು ಹೊಡೀತಾ?" ಎಂದರು ಮೂರ್ತಿ ಅಣ್ಣ.

"ಅಣ್ಣ, ಜಯಂಗೆ ನೋವು ಹೋಗಿಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಅವರ ನಗು ನಿಂತಿತ್ತು. ಎಳನೀರನ್ನು ಗೋಡೆಯ ಪಕ್ಕ ಇಟ್ಟು, ಮಂಡಿ ನೋವನ್ನೂ ಮರೆತು ಬೀಚ್ ಸ್ಟೇಷನ್ನಿನ ಕಡೆ ನನಗಿಂತ ಮುಂದೆ ನಡೆದರು.

ಮತ್ತೆ ಮಹಡಿಯ ಕೋಣೆ

ಆ ಲೋಕಲ್ ರೈಲು ಎಲ್ಲ ಸ್ಟೇಷನ್ನಿನಲ್ಲೂ ನಿಂತಿತು. ನಾವು ಬಂದಾಗ ಜಯಮ್ಮ ಮಂಚದ ಮೇಲೆ ಎದ್ದು ಕೂತಿದ್ದಳು, ಕೊನೆಯ ದಿನವೆಂದು ವೈದೇಹಿ ಅಮ್ಮ ಅವಳಿಗೆ ಕುಂಕುಮ ಕೊಡುತ್ತಿದ್ದರು. ಬಾಗಿಲು ತಟ್ಟದೆ ಒಳಗೆ ನುಗ್ಗಿದೆ.

"ಜಯಾ, ನೋವು ಇದೆಯೋ ಇಲ್ವೋ? ಒಂದೇ ಮಾತಲ್ಲಿ ಹೇಳು."

ಅವಳು ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು. "ಇದೆ. ಜಾಸ್ತಿ ಆಗಿದೆ. ದಿನಾ ಹೇಳ್ತಾನೇ ಇದೀನಲ್ಲ ಅಮ್ಮನ ಹತ್ರ. ಇಲ್ಲೇ, ಇಲ್ಲೇ ಅಂತ."

ವೈದೇಹಿ ಅಮ್ಮನ ಕೈಯಲ್ಲಿದ್ದ ಕುಂಕುಮದ ಬಟ್ಟಲು ಹಾಗೇ ನಿಂತಿತು. ಮೂರ್ತಿ ಅಣ್ಣ ಮೆಲ್ಲಗೆ ತಮಿಳಿನಲ್ಲಿ ಬಿಡಿಸಿ ಹೇಳಿದರು. ಆ ಅಮ್ಮ ಬಟ್ಟಲು ಕೆಳಗಿಟ್ಟು ಮಂಚದ ಅಂಚು ಹಿಡಿದುಕೊಂಡರು.

"ಪೆರುಮಾಳೆ! ನಮ್ಮನೇಲಿ ಎಲ್ಲಾ ಇಲ್ಲೆ ಅಂತಾನೇ ಹೇಳೋದು. ಅದೇ ಕನ್ನಡ ಅಂದ್ಕೊಂಡು ಬೆಳೆದೋಳು ನಾನು." ಆಮೇಲೆ ಜಯಮ್ಮನನ್ನು ಕೇಳಿದರು, "ನೀನು ಇಲ್ಲೆ ಅಂದ ತಕ್ಷಣ ನಾನು ಅಲ್ಲಿಂದ ಕೈ ತೆಗೆದುಬಿಡ್ತಿದ್ದೆನಲ್ಲಮ್ಮ. ಏನೂ ಅನ್ನಿಸ್ಲಿಲ್ವಾ?"

"ನೀವು ಸಂತೋಷ ಅಂತಿದ್ರಿ. ಜಾಗ ಸಿಕ್ತು ಅಂತ ಸಂತೋಷ ಇರ್ಬೇಕು ಅಂದ್ಕೊಂಡೆ. ನೋವನ್ನ ಕಾಲಿನ ಕಡೆ ಇಳಿಸ್ತಾ ಇದೀರ ಅಂದ್ಕೊಂಡೆ. ಮನೇಲಿ ಹೇಳಿದ್ರೆ ಇವ್ರು ಆಪರೇಷನ್‌ಗೆ ಎಳ್ಕೊಂಡು ಹೋಗ್ತಾರೆ. ಅದಕ್ಕೆ ಮನೇಲಿ ಹೇಳ್ಲಿಲ್ಲ. ನಿಮ್ ಹತ್ರ ಮಾತ್ರ ನಿಜ ಹೇಳ್ದೆ."

ವೈದೇಹಿ ಅಮ್ಮ ಅಭ್ಯಾಸಬಲದಿಂದ ಜಯಮ್ಮನ ಹಣೆಗೆ ಕೈ ಇಟ್ಟರು. ಇಟ್ಟು, ಕೈ ಮಗುಚಿ ಮತ್ತೆ ಇಟ್ಟರು.

"ಇದು ರೇಕಿ ಸೂಡು ಅಲ್ಲ. ಜ್ವರ. ನಾನು ಈ ಸೂಡನ್ನೂ ನನ್ನ ಕೈಯದೇ ಅಂದ್ಕೊಂಡೆನೋ ಏನೋ." ಕೈ ಹಿಂದಕ್ಕೆ ತೆಗೆದುಕೊಂಡರು. "ಈಗ ಆಸ್ಪತ್ರೆಗೆ ಹೋಗೋದು. ಡಾಕ್ಟರು ನೋಡೋವರೆಗೂ ನಾನು ನಿನ್ನ ಮೇಲೆ ಕೈ ಇಡಲ್ಲ."

"ನಂಗೆ ಭಯ ಅಮ್ಮ."

"ನಂಗೂ ಭಯವೇ. ನಾನೂ ಬರ್ತೀನಿ. ಬಾಗಿಲವರೆಗೆ. ಅದರಾಚೆ ನನ್ನ ಬಿಡಲ್ಲ."

ಜಯಮ್ಮ ಬಹಳ ಹೊತ್ತು ಅವರ ಮುಖವನ್ನೇ ನೋಡಿದಳು. ನಾನು ಊರಿನಲ್ಲಿ ಆಡಿದ ಮಾತುಗಳು ಅವಳನ್ನು ಒಂದು ಹೆಜ್ಜೆಯೂ ಅಲುಗಿಸಿರಲಿಲ್ಲ. ಕೊನೆಗೆ ಅವಳು ಮಂಚದಿಂದ ಕಾಲು ಕೆಳಗಿಟ್ಟಳು.

"ಚಪ್ಪಲಿ ಎಲ್ಲಿಟ್ಟಿದೀರಿ?" ಎಂದು ನನ್ನನ್ನು ಕೇಳಿದಳು.

ಆಸ್ಪತ್ರೆ

ಪಿತ್ತಕೋಶ ಊದಿಕೊಂಡು ಕೀವಾಗುತ್ತಿದೆ, ಇನ್ನು ತಡೆದಿದ್ದರೆ ಒಡೆಯುತ್ತಿತ್ತು ಎಂದು ಅಲ್ಲಿನ ಡಾಕ್ಟರಮ್ಮ ಹೇಳಿದರು. ಜ್ವರಕ್ಕೆ ಔಷಧ ಏರಿಸಿ, ಮರುದಿನ ಬೆಳಿಗ್ಗೆ ಆಪರೇಷನ್ ಎಂದು ಗೊತ್ತು ಮಾಡಿದರು. ವೈದೇಹಿ ಅಮ್ಮ ಆ ಡಾಕ್ಟರಮ್ಮನಿಗೆ ನಡೆದದ್ದನ್ನೆಲ್ಲ ತಾವಾಗಿಯೇ ಹೇಳಿದರು, ತಮ್ಮ ಮೇಲೆ ಬರುವ ಮಾತಿಗೆ ಅಂಜಲಿಲ್ಲ. ಡಾಕ್ಟರಮ್ಮ ಬೈಯಲಿಲ್ಲ. "ಇವರಿಗೆ ಧೈರ್ಯ ಬರುತ್ತೆ ಅಂದ್ರೆ ನೀವು ಪಕ್ಕದಲ್ಲಿ ಇರಿ, ಔಷಧದ ಕೆಲಸ ನಾವು ನೋಡ್ಕೋತೀವಿ," ಎಂದರು ಎಂದು ಮೂರ್ತಿ ಅಣ್ಣ ನನಗೆ ಬಿಡಿಸಿ ಹೇಳಿದರು.

ಬೆಳಿಗ್ಗೆ ಜಯಮ್ಮನಿಗೆ ಹಸಿರು ಬಟ್ಟೆ ಹಾಕಿ ತಳ್ಳುವ ಮಂಚದ ಮೇಲೆ ಮಲಗಿಸಿದರು. ವೈದೇಹಿ ಅಮ್ಮ ಕೈ ತೊಳೆದು ಬಂದು, ಹೊದಿಕೆಯ ಮೇಲೆ ಅವಳ ಬಲ ಪಕ್ಕೆಗೆ ಕೈ ಇಟ್ಟರು. ಇಷ್ಟು ದಿನವೂ ಆ ಕೈ ಅಲ್ಲಿ ನಿಂತಿರಲಿಲ್ಲ. ಕಾರಿಡಾರಿನ ಉದ್ದಕ್ಕೂ ಮಂಚದ ಜತೆಗೇ ನಡೆದರು. ಜಯಮ್ಮ ಕಣ್ಣು ಮುಚ್ಚಿದ್ದಳು, ಉಸಿರು ನಿಧಾನವಾಗಿತ್ತು. ಥಿಯೇಟರಿನ ಬಾಗಿಲ ಹತ್ತಿರ ನರ್ಸು, "ಪೋದುಂ ಮಾ, ವಿಡುಂಗೆ," ಎಂದಳು. ಸಾಕು, ಬಿಡಿ ಎಂದದ್ದು ನನಗೂ ಅರ್ಥವಾಯಿತು. ಆ ಅಮ್ಮ ಕೈ ತೆಗೆಯುವ ಮೊದಲೇ ಜಯಮ್ಮ ತಾನೇ ಆ ಕೈಯನ್ನು ಮೆಲ್ಲಗೆ ಎತ್ತಿ ಬಿಟ್ಟಳು.

"ಸಾಕಮ್ಮ. ಹೋಗ್ಬರ್ತೀನಿ."

ಬಾಗಿಲು ಮುಚ್ಚಿತು. ಸರೋಜಕ್ಕ ಆಸ್ಪತ್ರೆಯ ಮೂಲೆಯಲ್ಲಿದ್ದ, ಪಿಳ್ಳೆಯಾರ್ ಎಂದು ಅಲ್ಲಿ ಕರೆಯುವ ಗಣಪತಿಯ ಗುಡಿಯ ಕಡೆ ಹೋದರು. ಮೂರ್ತಿ ಅಣ್ಣ ರಕ್ತದ ಚೀಟಿ ಹಿಡಿದು ಕೆಳಗೆ ಇಳಿದರು. ಬೆಂಚಿನ ಮೇಲೆ ಉಳಿದವರು ವೈದೇಹಿ ಅಮ್ಮ ಮತ್ತು ನಾನು. ಅವರು ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದರು. ನಾನು ಎದ್ದು ಬಾಗಿಲವರೆಗೆ ಹೋಗಿ ಮತ್ತೆ ಬಂದು ಕೂತೆ.

"ಅಮ್ಮ, ನನ್ ಮೇಲೆ ಸ್ವಲ್ಪ ಕೈ ಇಡ್ತೀರಾ?" ಎಂದೆ.

ಅವರು ತಲೆ ಅಲ್ಲಾಡಿಸಿದರು. "ಇವತ್ತು ನನ್ನ ಕೈಯಲ್ಲಿ ಏನೂ ಬರಲ್ಲಪ್ಪ. ನಾನೇ ನಡುಗ್ತಾ ಇದೀನಿ. ಬರೀ ಕೈ ಅಷ್ಟೇ ಇದು."

"ಬರೀ ಕೈನೇ ಇಡಿ ಅಮ್ಮ."

ಅವರು ಸೆರಗಿನಿಂದ ಕೈ ಬಿಡಿಸಿ ನನ್ನ ಹೆಗಲ ಮೇಲೆ ಇಟ್ಟರು. ತಣ್ಣಗಿತ್ತು. ಒಳಗಿನಿಂದ ನರ್ಸು ಹೊರಗೆ ಬಂದು, "ಜಯಮ್ಮಾಳೋಡ ವೀಟ್ಟುಕ್ಕಾರರ್ ಯಾರು?" ಎಂದು ಜಯಮ್ಮನ ಗಂಡನನ್ನು ನಗುಮುಖದಲ್ಲಿ ಕೇಳುವವರೆಗೂ ಅವರು ಅದನ್ನು ತೆಗೆಯಲಿಲ್ಲ.